ಬಸುರಿಗೆ ಉರಿಮೂತ್ರ ಬಂದ್ರೆ ಬರೀ ಉಷ್ಣ ಅನ್ಬೇಡಿ

ಕೇಳುಗರಿಗೆಲ್ಲ ನಮಸ್ಕಾರ. ಮನೇಲಿ ಬಾಯಿಬಿಟ್ಟು ಹೇಳ್ಕೊಳ್ಳೋಕೆ ಹೆಣ್ಮಕ್ಕಳು ನಾಚ್ಕೊಳ್ಳೋ ವಿಷಯ ಇವತ್ತು ಮಾತಾಡ್ತೀನಿ, ಬಸುರಿಯರಿಗೆ ಬರೋ ಯೂರಿನ್ ಇನ್ಫೆಕ್ಷನ್. ಉರಿಮೂತ್ರ ಅಂದ ತಕ್ಷಣ "ಉಷ್ಣ ಆಗಿದೆ ಕಣಮ್ಮ, ಎಳನೀರು ಕುಡಿ, ಬಾರ್ಲಿ ನೀರು ಕುಡಿ" ಅಂತಾರೆ. ಕುಡೀರಿ, ಒಳ್ಳೇದೇ. ಆದ್ರೆ ಒಳಗೆ ಬ್ಯಾಕ್ಟೀರಿಯಾ ಸೇರ್ಕೊಂಡಿದ್ರೆ ಎಳನೀರು ಅದಕ್ಕೆ ಔಷಧಿ ಅಲ್ಲ.

ಬಸುರಾದಾಗ ಪ್ರೊಜೆಸ್ಟರಾನ್ ಹಾರ್ಮೋನ್ ಜಾಸ್ತಿಯಾಗಿ ಕಿಡ್ನಿಯಿಂದ ಮೂತ್ರ ಇಳಿಯೋ ನಾಳಗಳು ಸಡಿಲ ಆಗ್ತವೆ, ಬೆಳೀತಿರೋ ಗರ್ಭಕೋಶ ಬೇರೆ ಅವನ್ನ ಒತ್ತುತ್ತೆ, ಹಂಗಾಗಿ ಮೂತ್ರ ಸರಾಗವಾಗಿ ಇಳೀದೆ ನಿಲ್ಲುತ್ತೆ, ಕರುಳಲ್ಲಿರೋ ಇ. ಕೊಲೈ ಬ್ಯಾಕ್ಟೀರಿಯಾ ಮೂತ್ರದ ದಾರಿಗೆ ಬಂದ್ರೆ ಬೆಳೆಯೋಕೆ ಜಾಗ ಸಿಕ್ಕಂಗಾಗುತ್ತೆ. ನನಗೆ ಹೆಚ್ಚು ಚಿಂತೆ ಇರೋದು ಉರಿ ಬಂದೋರ ಬಗ್ಗೆ ಅಲ್ಲ, ಏನೂ ಗೊತ್ತಾಗದೇ ಇರೋರ ಬಗ್ಗೆ. ನೂರು ಬಸುರಿಯರಲ್ಲಿ 2ರಿಂದ 10 ಜನಕ್ಕೆ ಉರಿ, ನೋವು ಇಲ್ದೇನೇ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುತ್ತೆ. ಹಂಗೇ ಬಿಟ್ರೆ ಅವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಅದು ಕಿಡ್ನಿಗೆ ಏರಬಹುದು. ಆಗ ನಡುಗೋ ಚಳಿಜ್ವರ, ವಾಂತಿ, ಪಕ್ಕೆ ನೋವು, ಅದೂ ಬಲಗಡೆ ಜಾಸ್ತಿ. ದಿನ ತುಂಬೋ ಮೊದಲೇ ಹೆರಿಗೆ ಆಗೋ ಭಯಾನೂ ಇದೆ.

ಅದಕ್ಕೇ ತಾಯಿ ಕಾರ್ಡ್ ಮಾಡಿಸೋವಾಗ್ಲೇ ಯೂರಿನ್ ಕಲ್ಚರ್, ಅಂದ್ರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂತ ಲ್ಯಾಬಲ್ಲಿ ನೋಡೋ ಪರೀಕ್ಷೆ ಬಗ್ಗೆ ಡಾಕ್ಟರನ್ನ ಕೇಳಿ. ಸಕ್ಕರೆ, ಪ್ರೋಟೀನ್ ನೋಡೋ ಸ್ಟ್ರಿಪ್ ಒಂದೇ ಸಾಲಲ್ಲ. ತೊಳ್ಕೊಂಡು, ಮೊದಲು ಬರೋದನ್ನ ಬಿಟ್ಟು, ನಡುವಿನ ಮೂತ್ರ ಮಾತ್ರ ಡಬ್ಬಿಗೆ ಹಿಡೀರಿ.

"ಬಸುರಿ ಮಾತ್ರೆ ತಗೋಬಾರ್ದು" ಅಂತ ಅತ್ತೆಯವ್ರು ಹೆದರೋದು ಪ್ರೀತಿಯಿಂದಾನೇ, ಆದ್ರೆ ಮಗೂಗೆ ತೊಂದ್ರೆ ಆಗದ ಆಂಟಿಬಯೋಟಿಕ್‌ಗಳು ಇವೆ, ಎಷ್ಟನೇ ತಿಂಗಳು ಅಂತ ನೋಡಿ ಡಾಕ್ಟರೇ ಬರ್ಕೊಡ್ತಾರೆ. ಮೆಡಿಕಲ್ ಶಾಪಿಂದ ನೀವೇ ಸಿಪ್ರೋಫ್ಲಾಕ್ಸಸಿನ್ ಅನ್ನೋ ಆಂಟಿಬಯೋಟಿಕ್ ತಂದು ನುಂಗ್ಬೇಡಿ.

ಇನ್ನು ಗಾರ್ಮೆಂಟ್ಸಲ್ಲಿ, ಹೊಲದಲ್ಲಿ ದುಡಿಯೋ ಹೆಣ್ಮಕ್ಕಳು ಟಾಯ್ಲೆಟ್‌ಗೆ ಹೋಗೋಕಾಗಲ್ಲ ಅಂತ ಬೆಳಗಿಂದ ನೀರೇ ಮುಟ್ಟಲ್ಲ. ಅವ್ರದ್ದೇನು ತಪ್ಪು ಹೇಳಿ? ಸೂಪರ್‌ವೈಸರ್‌ಗಳು, ಮೇಸ್ತ್ರಿಗಳು ಕೇಳ್ತಿದ್ರೆ ದಯವಿಟ್ಟು, ಬಸುರಿ ಪದೇಪದೇ ಎದ್ದು ಹೋದ್ರೆ ಗದರಬೇಡಿ.

ಚಳಿಜ್ವರ ಬಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ. ಉರಿ ಎರಡೇ ದಿನಕ್ಕೆ ನಿಂತ್ರೂ ಮಾತ್ರೆ ಕೋರ್ಸ್ ಪೂರ್ತಿ ಮುಗಿಸಿ, ಆಮೇಲೆ ಇನ್ನೊಂದ್ಸಲ ಕಲ್ಚರ್ ಮಾಡಿಸಿ, ಯಾಕಂದ್ರೆ ಇದು ಅದೇ ಬಸುರಲ್ಲಿ ಮತ್ತೆ ಬರಬಹುದು.