ನಾರ್ಮಲ್ ಬಂದಿದ್ದು ಮಾತ್ರೆಯಿಂದ ಕಣ್ರೀ!

ನಮಸ್ಕಾರ. ಇವತ್ತು ಬೇರೇನೋ ಮಾತಾಡಬೇಕು ಅಂತ ಬರೆದಿಟ್ಟುಕೊಂಡಿದ್ದೆ. ಬೆಳಗ್ಗೆ ಒಂದು ಕಾಮೆಂಟ್ ನೋಡಿದೆ, ಕಾಫಿ ನೆತ್ತಿಗೇರಿತು. 'ಮೇಡಂ, ನನ್ನ ಟಿಎಸ್‌ಎಚ್ ನಾರ್ಮಲ್ ಬಂತು. ಥೈರಾಯ್ಡ್ ಹೋಯ್ತು. ಮಾತ್ರೆ ಬಿಟ್ಟು ಕೊತ್ತಂಬರಿ ಬೀಜದ ನೀರು ಕುಡಿಯುತ್ತಿದ್ದೇನೆ.' ಅದಕ್ಕೆ 40 ಲೈಕು ಬೇರೆ!

ಥೈರಾಯ್ಡ್ ಹೋಯ್ತಂತೆ. ಎಲ್ಲಿಗೆ, ಬೇಸಿಗೆ ರಜಕ್ಕೆ ಅಜ್ಜಿ ಮನೆಗಾ? ಅದು ಎಲ್ಲರ ಕತ್ತಿನಲ್ಲೂ ಇರುವ ಗ್ರಂಥಿ. ಅದು ಸೋತು ಕೂತಾಗ ತಲೆಯೊಳಗಿನ ಪಿಟ್ಯುಟರಿ ಅನ್ನೋ ಇನ್ನೊಂದು ಗ್ರಂಥಿ 'ಏಳೋ, ಕೆಲಸ ಮಾಡೋ' ಅಂತ ಕೂಗುತ್ತದೆ. ಆ ಕೂಗೇ ಟಿಎಸ್‌ಎಚ್. ನೀವು ಮಾತ್ರೆ ನುಂಗಿದಿರಿ, ಮೈಗೆ ಹಾರ್ಮೋನು ಸಿಕ್ಕಿತು, ಕೂಗು ತಗ್ಗಿತು. ನಾರ್ಮಲ್ ಬಂದಿದ್ದು ಮಾತ್ರೆಯಿಂದ ಕಣ್ರೀ! ಯುಪಿಎಸ್‌ನಲ್ಲಿ ಲೈಟ್ ಉರಿಯುತ್ತಿದ್ದರೆ, ಕರೆಂಟ್ ಬಂತು ಅಂತ ಯುಪಿಎಸ್ ಕಿತ್ತು ಹಾಕುತ್ತೀರಾ?

ಒಮ್ಮೆ ನಾನೂ ಜಾಣತನ ತೋರಿಸಿ ಮಾತ್ರೆ ಬಿಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ. ಮೊದಲ ವಾರ ಏನೂ ಆಗಲಿಲ್ಲ. ಆಗುವುದೂ ಇಲ್ಲ, ಯಾಕಂದ್ರೆ ಮೈಯಲ್ಲಿರುವ ಥೈರಾಕ್ಸಿನ್, ಅಂದ್ರೆ ಆ ಮಾತ್ರೆ ಕೊಟ್ಟ ಹಾರ್ಮೋನು, ಅರ್ಧಕ್ಕೆ ಇಳಿಯೋದಕ್ಕೇ ಸುಮಾರು 7 ದಿನ ಬೇಕು, ಅದಕ್ಕೇ ಡೋಸ್ ಬದಲಿಸಿದರೆ ಡಾಕ್ಟರು 6ರಿಂದ 8 ವಾರ ಬಿಟ್ಟು ಟೆಸ್ಟ್ ಮಾಡಿಸಿ ಅನ್ನೋದು. ಎರಡು ತಿಂಗಳಾಗುವಷ್ಟರಲ್ಲಿ ಬಾಚಣಿಗೆ ತುಂಬ ಕೂದಲು, ಮೇ ತಿಂಗಳ ಸೆಕೆಯಲ್ಲಿ ಸ್ವೆಟರ್.

'ಕೆಲವರಿಗೆ ಡಾಕ್ಟರೇ ಬಿಡಿಸುತ್ತಾರಲ್ಲ?' ಹೌದು, ಹೆರಿಗೆಯಾದ ಮೇಲೆ ಬಂದಿದ್ದು ಕೆಲವರಿಗೆ ತಾನಾಗೇ ಸರಿಹೋಗುತ್ತದೆ. ಅವರಿಗೆ ಡಾಕ್ಟರು ಬಿಡಿಸಿದರು. ನಿಮಗೆ ಬಿಡಿಸಿದ್ದು ಪಕ್ಕದ ಮನೆ ಆಂಟಿ ತಾನೆ?

'ಹಾಗಾದ್ರೆ ಜೀವನಪೂರ್ತಿ ಮಾತ್ರೆನಾ?' ಜೀವನಪೂರ್ತಿ ಕಾಫಿ ಕುಡಿಯುವಾಗ ಈ ಪ್ರಶ್ನೆ ಬರಲಿಲ್ಲ, ಅಲ್ವಾ? ಅಂದಹಾಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಆ ಕಾಫಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ 4 ಗಂಟೆ ಅಂತರ. ಇದರ ಮೇಲೆ ಹಳೇ ಎಪಿಸೋಡ್ ಇದೆ, ನೋಡಿ, ಹಾಗೇ ಸಬ್‌ಸ್ಕ್ರೈಬ್ ಆಗಿ, ನಮ್ಮಮ್ಮನೇ ಮೊನ್ನೆ ತಾನೆ ಆದರು, ನೀವಿನ್ನೂ ಯೋಚನೆ ಮಾಡುತ್ತಿದ್ದೀರಿ.

ಕೊತ್ತಂಬರಿ ನೀರು ಕುಡಿಯಿರಿ, ಬೇಡ ಅನ್ನಲ್ಲ. ಉಳಿದಿದ್ದು ಸಾರಿಗೆ ಹಾಕಿ. ಆದರೆ ನಾರ್ಮಲ್ ಬಂದಿದ್ದು ಮಾತ್ರೆಯಿಂದ. ಮಾತ್ರೆಯಿಂದ! ಕೊತ್ತಂಬರಿಯಿಂದ ಅಲ್ಲ, ಮೆಂತ್ಯದಿಂದ ಅಲ್ಲ, ಆ ಆಂಟಿಯಿಂದಂತೂ ಅಲ್ಲವೇ ಅಲ್ಲ! ಇನ್ನೊಂದು ಸಲ ಹೇಳ... ತಡೀರಿ, ಕುಕ್ಕರ್ ನಾಲ್ಕನೇ ಸಲ ಕೂಗಿತು, ಬೇಳೆ ಪಾಯಸ ಆಯ್ತು ಅಂತ ಕಾಣುತ್ತೆ, ಬಂದೆ.