ಫೋಟೊ ನಿಮ್ಮದಲ್ಲ ಅಂತ ಮೇಲ್ ಬಂತಾ? ಡಿಲೀಟ್ ಒತ್ತುವ ಮುಂಚೆ ನೋಡಿ

(ಕ್ಯಾಮೆರಾ ಎದುರು. ಟೇಬಲ್ ಮೇಲೆ ಲ್ಯಾಪ್‌ಟಾಪ್, ಅರ್ಧ ಕುಡಿದ ಟೀ.)

ನಮಸ್ಕಾರ. ಚಿಕ್ಕಬಳ್ಳಾಪುರದಲ್ಲಿ ಕೂತು ಅಂಗಡಿ, ಹೋಮ್‌ಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಕಳೆದ ವರ್ಷ ನಂದಿ ಬೆಟ್ಟದ ತಪ್ಪಲಿನ ಹೋಮ್‌ಸ್ಟೇ ಮಾಲೀಕರೊಬ್ಬರು ಬೆಳಗ್ಗೆ ಏಳಕ್ಕೇ ಫೋನ್ ಮಾಡಿದರು. "ಏನಪ್ಪಾ ಇದು, ಹದಿನೆಂಟು ಸಾವಿರ ಕಟ್ಟಿ ಅಂತ ಮೇಲ್ ಬಂದಿದೆ. ನಾನೇನ್ ಕಳ್ಳತನ ಮಾಡಿದ್ನಾ?"

ಮಾಡಿದ್ದು ನಾನು. ಬೆಟ್ಟದ ಮೇಲೆ ಮೋಡ, ಮೋಡದ ಮೇಲೆ ಸೂರ್ಯ. ಗೂಗಲ್‌ನಲ್ಲಿ ಸಿಕ್ಕಿದ ಆ ಫೋಟೊನ ಸುಮ್ನೆ ಸೇವ್ ಮಾಡಿ ಮುಖಪುಟಕ್ಕೆ ಹಾಕಿದ್ದೆ. ಗೂಗಲ್‌ನಲ್ಲಿ ಕಂಡಿದ್ದೆಲ್ಲ ಊರ ಕೆರೆ ನೀರಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೊ ತೆಗೆದಾಗಲೇ ಹಕ್ಕು ಹುಟ್ಟುತ್ತದೆ. ರಿಜಿಸ್ಟರ್ ಮಾಡಿಸಿರಲೇಬೇಕು ಅಂತಿಲ್ಲ.

(ಸ್ಕ್ರೀನ್ ಮೇಲೆ: ಮೇಲ್, ಹೆಸರು ಮಸುಕು ಮಾಡಿ.)

ಮೊದಲು ಮೇಲ್ ಅಸಲಿಯಾ ನೋಡಿ. "ಸಾಕ್ಷಿ ಇಲ್ಲಿದೆ, ಡೌನ್‌ಲೋಡ್ ಮಾಡಿ" ಅಂತ ಲಿಂಕ್ ಇದ್ದರೆ ಮುಟ್ಟಬೇಡಿ. ಅದರಲ್ಲಿ ವೈರಸ್ ಇರುವುದೇ ಜಾಸ್ತಿ. ಇನ್ನು ಕೆಲವರು "ದುಡ್ಡು ಬೇಡ, ನಮ್ಮ ಸೈಟಿಗೊಂದು ಲಿಂಕ್ ಹಾಕಿ ಸಾಕು" ಅಂತಾರೆ. ಗೂಗಲ್‌ನಲ್ಲಿ ಮೇಲೆ ಬರಲು ಆಡುವ ಆಟ ಅದು. ಅಸಲಿ ಮೇಲ್‌ನಲ್ಲಿ ಯಾವ ಫೋಟೊ, ಯಾವ ಪುಟ, ಹಕ್ಕು ಯಾರದ್ದು ಅಂತ ಸ್ಪಷ್ಟವಾಗಿ ಇರುತ್ತದೆ.

63ನೇ ಸೆಕ್ಷನ್, 3 ವರ್ಷದವರೆಗೆ ಜೈಲು ಅಂತಲೂ ಬರೆದಿರುತ್ತಾರೆ. ಕಾಯ್ದೆಯಲ್ಲಿ ಅದು ಇರುವುದು ನಿಜ. ಆದರೆ ಗೊತ್ತಿದ್ದೂ ಮಾಡಿದವರಿಗೆ. ಶಿಕ್ಷೆ ಕೊಡುವುದು ಕೋರ್ಟು, ಮೇಲ್ ಕಳಿಸಿದವರಲ್ಲ. ಇಂಥ ಮೇಲ್ ಬದಲು ಕೋರ್ಟಿನಿಂದಲೋ ವಕೀಲರಿಂದಲೋ ನೋಟಿಸ್ ಬಂದರೆ ನನ್ನ ವಿಡಿಯೋ ಬಿಡಿ, ನಿಮ್ಮ ವಕೀಲರ ಹತ್ತಿರ ಹೋಗಿ.

(ಸ್ಕ್ರೀನ್ ರೆಕಾರ್ಡಿಂಗ್: ವರ್ಡ್‌ಪ್ರೆಸ್ ಮೀಡಿಯಾ ಲೈಬ್ರರಿ.)

ಈಗ ಎಲ್ಲರೂ ಎಡವುವ ಜಾಗ. ನಾನೂ ಎಡವಿದೆ. ಗಾಬರಿಯಲ್ಲಿ ಪುಟದಿಂದ ಫೋಟೊ ತೆಗೆದು "ಆಯ್ತು ಅಣ್ಣ" ಅಂದುಬಿಟ್ಟೆ. ನಾಲ್ಕನೇ ದಿನ ಮತ್ತೆ ಮೇಲ್: ಫೋಟೊ ಇನ್ನೂ ಇದೆ. ಹೌದು, ಇತ್ತು! ಪುಟದಲ್ಲಿ ಕಾಣದಿದ್ದರೂ ಫೈಲ್ ಸರ್ವರ್‌ನಲ್ಲೇ, ಅಂದರೆ ಸೈಟ್ ಇಟ್ಟಿರುವ ಕಂಪ್ಯೂಟರ್‌ನಲ್ಲೇ ಕೂತಿತ್ತು. ನಾವು ಸೈಟ್ ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಒಂದು ಫೋಟೊಗೆ ಚಿಕ್ಕದು, ದೊಡ್ಡದು ಅಂತ ನಾಲ್ಕಾರು ಮರಿ ಹಾಕಿಡುತ್ತದೆ. ಎಲ್ಲದಕ್ಕೂ ಒಂದೊಂದು ವಿಳಾಸ. ಹಾಕಿದ ಫೋಟೊಗಳೆಲ್ಲ ಇರುವ ಮೀಡಿಯಾ ಲೈಬ್ರರಿಗೆ ಹೋಗಿ ಪೂರ್ತಿ ಅಳಿಸಬೇಕು, ಕ್ಯಾಶೆ (ಸೈಟ್ ಬೇಗ ತೆರೆಯಲು ಎತ್ತಿಟ್ಟ ಹಳೆ ನಕಲು) ಖಾಲಿ ಮಾಡಬೇಕು, ಆಮೇಲೆ ಫೋಟೊದ ನೇರ ವಿಳಾಸ ಹಾಕಿ ತೆರೆಯುತ್ತಾ ನೋಡಬೇಕು.

ಆದರೆ ಅಳಿಸುವ ಮುಂಚೆ ಪುಟದ ಸ್ಕ್ರೀನ್‌ಶಾಟ್, ಅಪ್‌ಲೋಡ್ ಆದ ತಾರೀಖು ಎತ್ತಿಟ್ಟುಕೊಳ್ಳಿ. ಎಷ್ಟು ದಿನ ಬಳಸಿದ್ದೀರಿ ಅನ್ನುವ ಲೆಕ್ಕ ಮುಂದೆ ಬಂದೇ ಬರುತ್ತದೆ.

ಆಮೇಲೆ ಒಂದು ಫೋಟೊ ನೆಟ್‌ನಲ್ಲಿ ಎಲ್ಲೆಲ್ಲಿದೆ ಅಂತ ತೋರಿಸುವ ಗೂಗಲ್ ಲೆನ್ಸ್, ಟಿನ್‌ಐ ಎರಡರಲ್ಲೂ ಫೋಟೊ ಹುಡುಕಿ. ನಮ್ಮದು ಸಿಕ್ಕಿದ್ದು ವಿಕಿಮೀಡಿಯಾ ಕಾಮನ್ಸ್‌ನಲ್ಲಿ, ವಿಕಿಪೀಡಿಯಾದವರ ಫೋಟೊ ಭಂಡಾರದಲ್ಲಿ. ಅಂದರೆ ಫ್ರೀ, ಅಲ್ವಾ? ಅರ್ಧ ಫ್ರೀ. ಅದರ ಲೈಸೆನ್ಸ್ ಕ್ರಿಯೇಟಿವ್ ಕಾಮನ್ಸ್ 4.0, ಅಂದರೆ ಷರತ್ತು ಪಾಲಿಸಿದರೆ ಯಾರು ಬೇಕಾದರೂ ಬಳಸಿ ಅನ್ನುವ ಅನುಮತಿಯ 4.0 ಆವೃತ್ತಿ. ತೆಗೆದವರ ಹೆಸರು ಹಾಕಬೇಕು, ಲೈಸೆನ್ಸ್‌ನ ಲಿಂಕ್ ಕೊಡಬೇಕು. ನಾನು ಎರಡೂ ಮಾಡಿರಲಿಲ್ಲ. 4.0ರಲ್ಲಿ ಒಂದು ಅನುಕೂಲ: ತಪ್ಪು ಗೊತ್ತಾದ 30 ದಿನದೊಳಗೆ ಸರಿ ಮಾಡಿದರೆ ಬಳಸುವ ಹಕ್ಕು ತಾನಾಗಿ ವಾಪಸ್ ಬರುತ್ತದೆ. ಹಳೆಯ 2.0ರಲ್ಲಿ ಆ ಸೌಲಭ್ಯ ಇಲ್ಲ. ಆದರೆ ಅಲ್ಲಿಯವರೆಗೆ ಆದ ತಪ್ಪಿಗೆ ದುಡ್ಡು ಕೇಳುವ ದಾರಿ 4.0ರಲ್ಲೂ ಮುಚ್ಚುವುದಿಲ್ಲ.

ಸ್ಟುಡಿಯೋದವರಿಗೆ ದುಡ್ಡು ಕೊಟ್ಟು ತೆಗೆಸಿದ ಫೋಟೊ ಆದರೆ ಲೆಕ್ಕವೇ ಬೇರೆ. ಬೇರೆ ಕರಾರು ಇಲ್ಲದಿದ್ದರೆ 17ನೇ ಸೆಕ್ಷನ್ ಪ್ರಕಾರ ಮೊದಲ ಹಕ್ಕು ತೆಗೆಸಿದವರದ್ದೇ. (ನನ್ನ ಫೋಟೊಗ್ರಾಫರ್ ಗೆಳೆಯರಿಗೆ ಈ ಮಾತು ಹಿಡಿಸುವುದಿಲ್ಲ.) ಬಿಲ್ ಇಟ್ಟುಕೊಂಡಿರಿ.

(ಮತ್ತೆ ಕ್ಯಾಮೆರಾ ಎದುರು.)

ಉತ್ತರ ಚಿಕ್ಕದಾಗಿ ಬರೆದೆ. ಫೋಟೊ ಸೈಟಿನಿಂದ ಅಳಿಸಿದ್ದೇವೆ, ನೀವೇ ಹಕ್ಕುದಾರರು ಅಂತ ತೋರಿಸಿ, ಈ ಮೊತ್ತ ಹೇಗೆ ಬಂತು ಹೇಳಿ. ಬೈಗುಳ ಇಲ್ಲ, "ನಮ್ಮದೇ ತಪ್ಪು" ಅಂತ ಉದ್ದುದ್ದ ಕ್ಷಮೆಯೂ ಇಲ್ಲ. ಅವರು ಮೂಲ ಫೈಲ್ ತೋರಿಸಿದರು. ಮಾತಾಡಿ ಐದು ಸಾವಿರಕ್ಕೆ ಬಂತು. ಕಟ್ಟುವ ಮುಂಚೆ "ಇದರ ಬಗ್ಗೆ ಇನ್ನೇನೂ ಬಾಕಿ ಇಲ್ಲ" ಅಂತ ಅವರಿಂದಲೇ ಬರೆಸಿಕೊಂಡೆ. ದುಡ್ಡು ನನ್ನ ಜೇಬಿನದ್ದೇ, ಬಿಡಿ.

ಹೆಸರು ಹಾಕಿ ಅದೇ ಫೋಟೊ ವಾಪಸ್ ಹಾಕಬಹುದಿತ್ತು. ಮಾಲೀಕರು ಸುತಾರಾಂ ಒಪ್ಪಲಿಲ್ಲ. ಮಾರನೇ ದಿನ ತಾವೇ ಟೆರೇಸ್ ಹತ್ತಿ ಮೊಬೈಲ್‌ನಲ್ಲಿ ತೆಗೆದು ಕಳಿಸಿದರು. ಮೂಲೆಯಲ್ಲಿ ನೀರಿನ ಟ್ಯಾಂಕ್ ಇದೆ, ಬೆಟ್ಟ ಸ್ವಲ್ಪ ವಾಲಿದೆ. ಈಗಲೂ ಮುಖಪುಟದಲ್ಲಿ ಇರುವುದು ಅದೇ.