ತಂಬೂರಿಯ ದಾರ, ಎರಡು ಡಯೋಡು

ಕೇಳುಗರಿಗೆ ನಮಸ್ಕಾರ.

ತಂಬೂರಿ ಶ್ರುತಿ ಮಾಡುವುದನ್ನು ನೋಡಿದ್ದೀರಲ್ವಾ? ತಂತಿ ಬಿಗಿ ಮಾಡಿದ ಮೇಲೂ ಕೆಲಸ ಮುಗಿಯುವುದಿಲ್ಲ. ಕುದುರೆಯ ಮೇಲೆ, ತಂತಿಯ ಅಡಿಗೆ ಒಂದೆಳೆ ದಾರ ಇಟ್ಟು ಆಚೀಚೆ ಸರಿಸುತ್ತಾರೆ. ಒಂದು ಜಾಗದಲ್ಲಿ ನಾದ ಝೇಂಕರಿಸುತ್ತದೆ. ಯಾರೂ ಮೀಟದ ಗಾಂಧಾರ ಕೂಡ ಕೇಳಿಸುತ್ತದೆ.

ಬಿಡಿ ಘಟಕಗಳನ್ನು ಕೇಬಲಿನಿಂದ ಜೋಡಿಸಿ ನುಡಿಸುವ ವಿದ್ಯುತ್ ವಾದ್ಯ ಮಾಡ್ಯುಲರ್ ಸಿಂಥಸೈಜರ್. ಅದರಲ್ಲಿ ಈ ದಾರದ ಕೆಲಸ ಮಾಡುವುದು ಅಲೆಯ ಆಕಾರ ಬದಲಿಸುವ ಸರ್ಕ್ಯೂಟ್, ಅಂದರೆ ವೇವ್‌ಶೇಪರ್. 1960ರ ದಶಕದಲ್ಲಿ ನ್ಯೂಯಾರ್ಕ್ ಕಡೆ ಸಿಂಥಸೈಜರ್ ಕಟ್ಟುತ್ತಿದ್ದ ರಾಬರ್ಟ್ ಮೂಗ್ ತುಂಬಿದ ಧ್ವನಿಯನ್ನು ಫಿಲ್ಟರಿನಲ್ಲಿ ಸೋಸುವ ದಾರಿ ಹಿಡಿದರು. ಕ್ಯಾಲಿಫೋರ್ನಿಯಾದ ಡಾನ್ ಬುಕ್ಲಾ ಸಾದಾ ಅಲೆಯನ್ನೇ ತಿರುಚಿ ಶ್ರೀಮಂತ ಮಾಡಿದರು. ನನಗೆ ಬುಕ್ಲಾ ದಾರಿಯೇ ಜಾಸ್ತಿ ಇಷ್ಟ.

ಇದರ ಅತಿ ಸರಳ ರೂಪವನ್ನು ಮನೆಯಲ್ಲೇ ಕಟ್ಟಬಹುದು. ಬೆಂಗಳೂರಿನವರಾದರೆ ಎಸ್.ಪಿ. ರೋಡಿಗೆ ಒಂದು ಸುತ್ತು ಹೋದರೆ ಸಾಮಾನೆಲ್ಲ ಸಿಗುತ್ತದೆ. ಸೈನ್ ಅಲೆ, ಅಂದರೆ ನುಣುಪಾದ ಸಾದಾ ಅಲೆ, 10 ಕಿಲೋ ಓಮಿನ ರೆಸಿಸ್ಟರ್ ದಾಟಿ ಬರಲಿ. ಅಲ್ಲಿಂದ ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿನ ತಂತಿಗೆ, ಎರಡು 4148 ಡಯೋಡ್ ಹಾಕಿ, ಒಂದಕ್ಕೊಂದು ತಿರುಗಾಮುರುಗಾ. ಡಯೋಡ್ ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟಿಗೆ ಬಾಗಿಲು ತೆರೆಯುತ್ತದೆ. ಹಾಗಾಗಿ ಅಲೆಯ ನೆತ್ತಿಯೂ ಬುಡವೂ ಚಪ್ಪಟೆ. ನೆತ್ತಿಯಿಂದ ಬುಡಕ್ಕೆ 10 ವೋಲ್ಟ್ ಇದ್ದು ಒಳಗೆ ಹೋದ ಅಲೆ ಹೊರಗೆ ಬರುವಾಗ 1.2 ವೋಲ್ಟ್ ಅಷ್ಟೇ. ಅದಕ್ಕೇ ಕೊನೆಗೊಂದು ಟಿಎಲ್ 072 ಚಿಪ್. 68 ಕಿಲೋ, 10 ಕಿಲೋ ರೆಸಿಸ್ಟರ್ ಜೋಡಿ ಇಟ್ಟರೆ ಹೆಚ್ಚುಕಮ್ಮಿ ಎಂಟು ಪಟ್ಟು ಏರಿಸಿ ಕೊಡುತ್ತದೆ.

ಒಂದು ಮಾತು. ಕೆಂಪು ಅಂದರೆ ಪ್ಲಸ್ ಅನ್ನುವುದು ನಮ್ಮ ಅಭ್ಯಾಸ. ಆದರೆ ಯೂರೋರ್ಯಾಕ್ ಅನ್ನುವ ಮಾಡ್ಯುಲರ್ ಮಾದರಿಯಲ್ಲಿ ಕರೆಂಟ್ ಕೊಡುವ ಕೇಬಲಿನ ಕೆಂಪು ಗೆರೆಯ ಬದಿ ಮೈನಸ್ 12 ವೋಲ್ಟ್! ನನ್ನ ಮೊದಲ ಚಿಪ್ ಸುಟ್ಟ ವಾಸನೆ ಇನ್ನೂ ಮೂಗಲ್ಲಿದೆ.

ಇನ್ನು ನಾದ. ಮೇಲೆ ಕೆಳಗೆ ಸಮ ಕತ್ತರಿಸಿದರೆ ಬೆಸ ಸಂಖ್ಯೆಯ ಹಾರ್ಮೋನಿಕ್ಕುಗಳು, ಅಂದರೆ ಮೂಲ ಅಲೆಯ ಮೂರು, ಐದು ಹೀಗೆ ಬೆಸ ಪಟ್ಟು ವೇಗದಲ್ಲಿ ಕಂಪಿಸುವ ಸ್ವರಗಳು ಮಾತ್ರ ಹುಟ್ಟುತ್ತವೆ. ಮೂಲ ಅಲೆ ಷಡ್ಜವಾದರೆ ಮೂರನೆಯದು ಮೇಲಿನ ಪಂಚಮ, ಐದನೆಯದು ಇನ್ನೂ ಮೇಲಿನ ಅಂತರ ಗಾಂಧಾರ. ತಂಬೂರಿಯಲ್ಲಿ ಕೇಳಿದ್ದು ಅದನ್ನೇ. ಈಗ ಒಂದು ಬದಿಗೆ ಮಾತ್ರ ಎರಡು ಡಯೋಡ್ ಸಾಲಾಗಿ ಹಾಕಿ. ಸಮತೋಲ ತಪ್ಪುತ್ತದೆ, ಸಮ ಸಂಖ್ಯೆಯವೂ ಬರುತ್ತವೆ. ತಾರ ಷಡ್ಜ ಸೇರಿ ಧ್ವನಿ ತುಂಬಿಕೊಳ್ಳುತ್ತದೆ.

ನನ್ನ ಬೋರ್ಡಿನಲ್ಲಿ ಡಯೋಡುಗಳಿಗೆ ಬೆಸುಗೆ ಹಾಕಿಲ್ಲ. ಸಾಕೆಟ್ ಇಟ್ಟಿದ್ದೇನೆ, ಸುಮ್ನೆ ಕಿತ್ತು ಬದಲಿಸಬಹುದು. ಜೊತೆಗೆ ತಂದಿದ್ದೇನೆ. ಮೊದಲು ಸಾದಾ ಅಲೆ, ಆಮೇಲೆ ಎರಡು ಡಯೋಡಿನದು, ಕೊನೆಗೆ ಮೂರರದು. ಕೇಳಿ.